ಕ್ವಿನೈನಿನ ಸಂಶ್ಲೇಷಣೆ: ಒಂದು ಪ್ರತಿಪಾದನೆಯ ವಿಮರ್ಶೆ

ರಸಾಯನಶಾಸ್ತ್ರದ ಮುನ್ನಡೆಗಳನ್ನು ಕುರಿತ ಬರಹಗಳನ್ನು ಓದುವವರಿಗೆ ‘ಮೊತ್ತಮೊದಲು’ ಎಂಬ ಪದ ಚಿರಪರಿಚಿತವಾದುದು. ಇಂಥ ಸಸ್ಯದ ಸತ್ತ್ವವನ್ನು ಮೊತ್ತಮೊದಲು ಬೇರ್ಪಡಿಸಿದವರು ಇವರು, ಅದರ ಅಣುರಚನೆಯನ್ನು ಮೊತ್ತಮೊದಲು ನಿರ್ಣಯಿಸಿದವರು ಇವರು, ಅದನ್ನು ಪ್ರಯೋಗಶಾಲೆಯಲ್ಲಿ ಮೊತ್ತಮೊದಲು ಕಟ್ಟಿದವರು ಇವರು ಎಂದು ಆ ಶಾಸ್ತ್ರದ ಚರಿತ್ರೆ ಸಾಲುಸಾಲಾಗಿ ಸಾಗುತ್ತದೆ. ಇಂಥ ವಾಕ್ಯಗಳ ಸತ್ಯಾಸತ್ಯತೆಯನ್ನು ನಿರ್ಣಯಿಸುವ ಅಧಿಕಾರ ರಸಾಯನಶಾಸ್ತ್ರಜ್ಞರಿಗೆ ಮಾತ್ರ ಸೇರಿದುದೆಂದು ನಾವು ಸಾಮಾನ್ಯವಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ‘ಇಂಥವರು ಇಂಥ ವರ್ಷದಲ್ಲಿ ಇಂಥ ಕಾರ್ಯವನ್ನು ಮಾಡಿದರು’ ಎಂಬುದು ಚರಿತ್ರೆಯ ವಾಕ್ಯವೇ ಸರಿ. ಅದಕ್ಕೆ ಬೇಕಾದುದು ಸಾಕ್ಷ್ಯ. ಕ್ವಿನೈನಿನ ಪೂರ್ಣ ಸಂಶ್ಲೇಷಣೆ ೧೯೪೪ರಲ್ಲಿ ನಡೆಯಿತೆಂಬ ಪ್ರತಿಪಾದನೆಯನ್ನೂ, ಅದನ್ನು ಕುರಿತು ೨೦೦೮ರವರೆಗೆ ನಡೆದ ವಾದವನ್ನೂ, ಮುಖ್ಯವಾಗಿ ನಾಲ್ಕು ಲೇಖನಗಳನ್ನು ಆಧಾರವಾಗಿಟ್ಟುಕೊಂಡು, ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲು ಉದ್ದೇಶಿಸಿದೆ.

ಕ್ವಿನೈನ್ ಎಂಬ ಕಹಿಮದ್ದು ನಮ್ಮ ಜನಕ್ಕೆ ಹೊಸದಲ್ಲ. ಮಲೆನಾಡಿನ ಚಳಿಜ್ವರವನ್ನು ಕಂಡ ಹಿಂದಿನ ತಲೆಮಾರಿನವರು ಅದರ ರುಚಿಯನ್ನು ಬಲ್ಲವರೇ ಆಗಿದ್ದರು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯ ಸಿಂಕೋನಾ ಮರದ ತೊಗಟೆಯಿಂದ ಈ ದ್ರವ್ಯವನ್ನು ೧೮೨೦ರಲ್ಲಿ ಪ್ಯಾರಿಸಿನ ಪೆಲೆತ್ಯೇ ಮತ್ತು ಕಾವೆಂತೂ ಎಂಬುವರು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇಂಗಾಲದ ೨೦, ಜಲಜನಕದ ೨೪, ಸಾರಜನಕದ ೨, ಆಮ್ಲಜನಕದ ೨ ಪರಮಾಣುಗಳು ಸೇರಿ ಅದರ ಒಂದು ಅಣು ಆಗಿದೆಯೆಂಬುದು ೧೯ನೆಯ ಶತಮಾನದ ಮಧ್ಯಭಾಗದಲ್ಲಿ ತಿಳಿಯಿತು. ಆದರೆ ಈ ೪೮ ಪರಮಾಣುಗಳು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆಯೆಂಬುದು ಆಗ ಯಾರಿಗೂ ತಿಳಿಯದು. ಲಂಡನಿನಲ್ಲಿ ೧೮೫೬ರಲ್ಲಿ, ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಕೇವಲ ಲೆಕ್ಕವನ್ನು ನಂಬಿ ಅದನ್ನು ತಯಾರಿಸಲು ಹೊರಟನು. ೧೦ ಇಂಗಾಲ, ೧೩ ಜಲಜನಕ, ೧ ಸಾರಜನಕ ಉಳ್ಳ ಒಂದು ದ್ರವ್ಯದ ಎರಡು ಅಣುಗಳಿಗೆ ಆಮ್ಲಜನಕದ ಮೂರು ಪರಮಾಣುಗಳನ್ನು ಕೂಡಿಸಿ ಒಂದು ಅಣು ನೀರನ್ನು ಕಳೆದರೆ ಕ್ವಿನೈನಿನ ಲೆಕ್ಕ ಸರಿಹೋಗುತ್ತದೆ. ಲೆಕ್ಕ ಸರಿಹೋಯಿತು, ಕ್ವಿನೈನ್ ಬರಲಿಲ್ಲ. ಅದೇ ಪ್ರಯೋಗವನ್ನು ಅನಿಲಿನ್ ಎಂಬ ದ್ರವ್ಯದ ಮೇಲೆ ನಡೆಸಿದಾಗ ದೊರೆತ ಕೆನ್ನೀಲಿ ಬಣ್ಣ ಕೃತಕ ವರ್ಣೋದ್ಯಮಕ್ಕೆ ನಾಂದಿಯಾಯಿತೆಂಬ ಕಥೆ ಪ್ರಸಿದ್ಧವಾದುದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದವರು ಪಾಲ್ ರಾಬೆ ಎಂಬ ಜರ್ಮನ್ ವಿದ್ವಾಂಸರು. ಕ್ವಿನೈನಿನ ಪರಮಾಣುಗಳ ಜೋಡಣೆಯನ್ನು ೧೯೦೮ರಲ್ಲಿ ಸರಿಯಾಗಿ ನಿರ್ಧರಿಸಿದವರು ಅವರೇ. ಕ್ವಿನೈನನ್ನು ಆಮ್ಲದೊಡನೆ ಕಾಯಿಸಿದರೆ ಅದರ ಒಂದು ಬಂಧ ಕಡಿದು ಕ್ವಿನೊಟಾಕ್ಸಿನ್ ಎಂಬ ಬೇರೊಂದು ದ್ರವ್ಯವಾಗುತ್ತದೆಂಬುದನ್ನು ಪಾಶ್ಚರ್ ೧೮೫೩ರಲ್ಲಿಯೇ ಕಂಡಿದ್ದನು. ಆ ದಾರಿಯಲ್ಲಿ ಹಿಂದಕ್ಕೆ ನಡೆದು, ಕ್ವಿನೊಟಾಕ್ಸಿನಿನಿಂದ ಮತ್ತೆ ಕ್ವಿನೈನನ್ನು ಪಡೆದೆವೆಂದು ರಾಬೆಯವರೂ ಅವರ ಸಹೋದ್ಯೋಗಿ ಕಾರ್ಲ್ ಕಿಂಡ್ಲರರೂ ೧೯೧೮ರಲ್ಲಿ ಒಂದು ಕಿರು ಪ್ರಕಟಣೆಯಲ್ಲಿ ತಿಳಿಸಿದರು. ಮೂರು ಹೆಜ್ಜೆಗಳ ಈ ಕ್ರಮದಲ್ಲಿ ಕೊನೆಯದು ಅಲ್ಯೂಮಿನಿಯಂ ಪುಡಿಯಿಂದ ಮಾಡುವ ಅಪಕರ್ಷಣ. ಆ ಹೆಜ್ಜೆಯನ್ನು ನಡೆಸಿದ ಬಗೆಯನ್ನು ಪ್ರಕಟಣೆ ವಿಸ್ತರಿಸಿ ಹೇಳಲಿಲ್ಲ. ಮುಂದಿನ ವಿವಾದಕ್ಕೆಲ್ಲ ಈ ಮೌನವೇ ಬೀಜವಾಯಿತು.

ಇನ್ನು ೧೯೪೪ರ ಲೇಖನಕ್ಕೆ ಬರೋಣ. ಅದಕ್ಕೆ ದೊರೆತ ಪ್ರಚಾರವನ್ನು ಅರ್ಥಮಾಡಿಕೊಳ್ಳಬೇಕಾದರೆ ಯುದ್ಧಕಾಲದ ಸ್ಥಿತಿಯನ್ನು ನೆನೆಯಬೇಕು. ಜಗತ್ತಿಗೆ ಬೇಕಾದ ಕ್ವಿನೈನಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಡಚ್ಚರ ವಶದಲ್ಲಿದ್ದ ಜಾವಾ ದ್ವೀಪದ ತೋಟಗಳಿಂದ ಬರುತ್ತಿತ್ತು. ಆ ತೋಟಗಳ ಮೂಲ ಚಾರ್ಲ್ಸ್ ಲೆಡ್ಜರ್ ಎಂಬ ವ್ಯಾಪಾರಿ ೧೮೬೫ರಲ್ಲಿ ಬೊಲಿವಿಯದಿಂದ ಕಳುಹಿಸಿದ ಬೀಜ. ಬ್ರಿಟಿಷ್ ಸರ್ಕಾರ ಅದನ್ನು ಕೊಳ್ಳಲು ಒಪ್ಪದಿರಲು, ಡಚ್ಚರು ಒಂದು ಪೌಂಡಿನಷ್ಟನ್ನು ಕೊಂಡರು. ಬೀಜವನ್ನು ನಿಜವಾಗಿ ಆಯ್ದು ತಂದವನು ಮಾನ್ವೆಲ್ ಇಂಕ್ರ ಮಮಾನಿ ಎಂಬ ಬೊಲಿವಿಯದ ಮೂಲನಿವಾಸಿ. ಅದಕ್ಕಾಗಿ ಸೆರೆಗೆ ಬಿದ್ದು, ಹೊಡೆತ ತಿಂದು ಅವನು ಸತ್ತನು. ಬ್ರಿಟಿಷರು ಕ್ಲೆಮೆಂಟ್ಸ್ ಮಾರ್ಕಮ್ಮನ ಮೂಲಕ ಬೇರೆ ಸಿಂಕೋನಾ ಜಾತಿಗಳನ್ನು ತರಿಸಿ ೧೮೬೦ರ ದಶಕದಿಂದ ನೀಲಗಿರಿಯಲ್ಲಿ ಬೆಳೆಸಿದರು. ನಡುವಟ್ಟಂ ಎಂಬಲ್ಲಿ ಸರ್ಕಾರದ ಕ್ವಿನೈನ್ ಕಾರ್ಖಾನೆಯೂ ನಡೆಯಿತು. ಆದರೆ ಲೆಡ್ಜರನ ಬೀಜದಿಂದ ಬಂದ ಮರಗಳ ತೊಗಟೆಯಲ್ಲಿ ಕ್ವಿನೈನಿನ ಅಂಶ ಬಹಳ ಹೆಚ್ಚಾಗಿದ್ದುದರಿಂದ ಮಾರುಕಟ್ಟೆ ಜಾವಾದ ಪಾಲಾಯಿತು. ಸಂಶ್ಲೇಷಣೆಯ ಚರಿತ್ರೆಯನ್ನು ಬರೆಯುವವರು ಮಮಾನಿಯ ಹೆಸರನ್ನು ಎತ್ತುವುದು ಅಪರೂಪ. ಅಂಥ ಗ್ರಂಥಗಳಲ್ಲಿ ಅಣುವಿನ ಕಥೆ ಪ್ರಯೋಗಶಾಲೆಯ ಬಾಗಿಲಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವ ಹಾಗೆ ಕಾಣುತ್ತದೆ.

ಜಪಾನೀಯರು ೧೯೪೨ರ ಮಾರ್ಚಿಯಲ್ಲಿ ಜಾವಾವನ್ನು ಹಿಡಿದುಕೊಂಡಾಗ ಮಿತ್ರರಾಷ್ಟ್ರಗಳಿಗೆ ಈ ಮೂಲ ಕೈತಪ್ಪಿತು. ಇದೇ ಸಮಯದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತರುಣ ವಿದ್ವಾಂಸ ರಾಬರ್ಟ್ ಬರ್ನ್ಸ್ ವುಡ್‌ವರ್ಡ್, ಎಡ್ವಿನ್ ಲ್ಯಾಂಡ್ ಸ್ಥಾಪಿಸಿದ ಪೋಲರಾಯ್ಡ್ ಸಂಸ್ಥೆಗೆ ಸಲಹೆಗಾರರಾಗಿದ್ದರು. ಜ್ವರದ ಮದ್ದಿಗೂ ಬೆಳಕಿನ ಉಪಕರಣಗಳನ್ನು ಮಾಡುವ ಸಂಸ್ಥೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕ್ವಿನೈನಿನ ಲವಣಕ್ಕೆ ಅಯೋಡಿನ್ ಸೇರಿದಾಗ ಉಂಟಾಗುವ ಹರಳುಗಳು ಬೆಳಕನ್ನು ಧ್ರುವೀಕರಿಸುತ್ತವೆಂಬುದನ್ನು ಬ್ರಿಸ್ಟಲ್ಲಿನ ವೈದ್ಯ ಹೆರಪಾತ್ ೧೮೫೨ರಲ್ಲಿ ಪ್ರಕಟಿಸಿದ್ದನು. ಆ ಸೂಕ್ಷ್ಮ ಹರಳುಗಳನ್ನು ತೆಳುವಾದ ಹಾಳೆಯಲ್ಲಿ ಒಂದೇ ದಿಕ್ಕಿಗೆ ಸಾಲುಗೊಳಿಸಿದುದೇ ಲ್ಯಾಂಡರ ಆರಂಭದ ಸಾಧನೆ. ಹೀಗೆ ಒಂದು ತೊಗಟೆಯ ಸತ್ತ್ವ ಔಷಧವೂ ಆಗಿ, ವಸ್ತುವಿಜ್ಞಾನದ ಸಾಮಗ್ರಿಯೂ ಆಗಿ, ಸಂಶ್ಲೇಷಣಕಾರರಿಗೆ ಸವಾಲೂ ಆಗಿದ್ದಿತು. ಲ್ಯಾಂಡರ ಧನಸಹಾಯದಿಂದ ವುಡ್‌ವರ್ಡರೂ ಅವರ ಸಹೋದ್ಯೋಗಿ ವಿಲಿಯಂ ಡೋರಿಂಗರೂ ಸುಮಾರು ಹದಿನಾಲ್ಕು ತಿಂಗಳು ದುಡಿದು ೧೯೪೪ರ ಏಪ್ರಿಲಿನಲ್ಲಿ ಗುರಿ ಮುಟ್ಟಿದರು. ‘ಕ್ವಿನೈನಿನ ಪೂರ್ಣ ಸಂಶ್ಲೇಷಣೆ’ ಎಂಬ ಶೀರ್ಷಿಕೆಯ ಅವರ ಲೇಖನ ಅಮೆರಿಕದ ರಸಾಯನ ಸಂಘದ ಪತ್ರಿಕೆಯಲ್ಲಿ ಮೇ ತಿಂಗಳಲ್ಲಿ ಅಚ್ಚಾಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸುದ್ದಿಯನ್ನು ಮುಖಪುಟದಲ್ಲಿ ಪ್ರಕಟಿಸಿತು.

ಲೇಖನವನ್ನು ಗಮನವಿಟ್ಟು ಓದಿದರೆ ತಿಳಿಯುವುದೇನು? ಐಸೊಕ್ವಿನೊಲಿನ್ ವರ್ಗದ ಒಂದು ಸರಳ ದ್ರವ್ಯದಿಂದ ಹೊರಟ ಲೇಖಕರು ತಲುಪಿದುದು ಕ್ವಿನೊಟಾಕ್ಸಿನನ್ನು, ಕ್ವಿನೈನನ್ನಲ್ಲ. ಕ್ವಿನೊಟಾಕ್ಸಿನಿನಿಂದ ಕ್ವಿನೈನಿಗೆ ಹೋಗುವ ದಾರಿಯನ್ನು ರಾಬೆ ಮತ್ತು ಕಿಂಡ್ಲರ್ ಹಿಂದೆಯೇ ಸ್ಥಾಪಿಸಿರುವುದರಿಂದ ಕಾರ್ಯ ಪೂರ್ಣವಾಯಿತೆಂದು ಅವರು ಬರೆದಿದ್ದಾರೆ. ತಾವು ತಯಾರಿಸಿದ ಕ್ವಿನೊಟಾಕ್ಸಿನನ್ನು ಕ್ವಿನೈನಾಗಿ ಮಾರ್ಪಡಿಸಿದೆವೆಂದು ಅವರು ಎಲ್ಲಿಯೂ ಹೇಳಿಲ್ಲ. ಸುಳ್ಳು ಒಂದಕ್ಷರವೂ ಇಲ್ಲ. ಆದರೆ ಶೀರ್ಷಿಕೆಯನ್ನು ಮಾತ್ರ ಓದಿದವನಿಗೆ ಉಂಟಾಗುವ ಭಾವನೆಯೇ ಬೇರೆ, ಪೂರ್ಣಪಾಠವನ್ನು ಓದಿದವನಿಗೆ ಉಂಟಾಗುವ ಭಾವನೆಯೇ ಬೇರೆ. ಪಠ್ಯಪುಸ್ತಕಗಳು ಶೀರ್ಷಿಕೆಯನ್ನೇ ಅನುಸರಿಸಿದವು. ರಾಬೆ ಮತ್ತು ಕಿಂಡ್ಲರರು ಅಡಿಟಿಪ್ಪಣಿಗೆ ಸರಿದರು. ಎಷ್ಟೋ ಕಡೆ ಅಲ್ಲಿಯೂ ಉಳಿಯಲಿಲ್ಲ. ಪತ್ರಿಕೆಗಳು ಹಬ್ಬಿಸಿದ ಭರವಸೆಯಂತೂ ಹುರುಳಿಲ್ಲದ್ದಾಗಿತ್ತು. ಪ್ರಯೋಗಶಾಲೆಯಿಂದ ಹೊರಬಂದುದು ಅತ್ಯಲ್ಪ ಪ್ರಮಾಣದ ದ್ರವ್ಯ. ರಣರಂಗದಲ್ಲಿ ಅಮೆರಿಕದ ಸೈನಿಕರು ನುಂಗಿದುದು ಅಟಾಬ್ರಿನ್ ಎಂಬ ಬೇರೆಯೇ ಕೃತಕ ಔಷಧವನ್ನು.

ಈ ಪ್ರತಿಪಾದನೆಯನ್ನು ಬಲವಾಗಿ ಪ್ರಶ್ನಿಸಿದವರು ಕೊಲಂಬಿಯ ವಿಶ್ವವಿದ್ಯಾನಿಲಯದ ಗಿಲ್ಬರ್ಟ್ ಸ್ಟಾರ್ಕ್. ಕ್ವಿನೈನಿನ ಅಣುವಿನಲ್ಲಿ ಇಂಗಾಲದ ನಾಲ್ಕು ಪರಮಾಣುಗಳ ಸುತ್ತಣ ಜೋಡಣೆ ಎಡವಾಗಿಯೋ ಬಲವಾಗಿಯೋ ಇರಬಹುದಾದುದರಿಂದ, ಒಂದೇ ಜೋಡಣೆಗೆ ೧೬ ರೂಪಗಳು ಸಾಧ್ಯ. ಅವುಗಳಲ್ಲಿ ಒಂದು ಮಾತ್ರ ಕ್ವಿನೈನ್. ವುಡ್‌ವರ್ಡ್ ಮತ್ತು ಡೋರಿಂಗರು ಹತೋಟಿಗೆ ತಂದುದು ಇವುಗಳಲ್ಲಿ ಎರಡು ಕೇಂದ್ರಗಳನ್ನು. ಉಳಿದೆರಡು ರಾಬೆಯವರ ಹೆಜ್ಜೆಗಳಲ್ಲಿ ಮಿಶ್ರಣವಾಗಿಯೇ ಉಂಟಾಗುತ್ತವೆ. ಹಾಫ್‌ಮನ್-ಲಾ ರೋಷ್ ಸಂಸ್ಥೆಯ ಉಸ್ಕೊಕೊವಿಚ್ ಮತ್ತು ಅವರ ಸಂಗಡಿಗರು ೧೯೭೦ರಲ್ಲಿ ಪ್ರಕಟಿಸಿದ ಸಂಶ್ಲೇಷಣೆ ಕ್ವಿನೈನನ್ನು ಮುಟ್ಟಿತಾದರೂ ಅದರಲ್ಲಿಯೂ ಈ ಹತೋಟಿ ಪೂರ್ಣವಾಗಿರಲಿಲ್ಲ. ಸ್ಟಾರ್ಕರು ತಮ್ಮ ಬಳಗದೊಡನೆ ೨೦೦೧ರಲ್ಲಿ, ವಯಸ್ಸು ಎಂಬತ್ತನ್ನು ಸಮೀಪಿಸುತ್ತಿದ್ದಾಗ, ಅಣುವಿನ ಬೇರೊಂದು ಬಂಧವನ್ನು ಕೊನೆಯಲ್ಲಿ ಬೆಸೆಯುವ ಉಪಾಯದಿಂದ ನಾಲ್ಕು ಕೇಂದ್ರಗಳನ್ನೂ ವಶಪಡಿಸಿಕೊಂಡ ಸಂಶ್ಲೇಷಣೆಯನ್ನು ಪ್ರಕಟಿಸಿದರು. ಆ ಲೇಖನದ ರಸಾಯನಭಾಗವನ್ನು ವಿಮರ್ಶಿಸುವ ಅರ್ಹತೆ ಈ ಲೇಖಕನಿಗಿಲ್ಲ. ಬಲ್ಲವರು ಅದನ್ನು ಉತ್ಕೃಷ್ಟವೆಂದಿದ್ದಾರೆ. ಅದರ ಪೀಠಿಕೆಯಾದರೋ ಚರಿತ್ರೆಯ ಬರಹ. ೧೯೪೪ರ ಸಾಧನೆಯನ್ನು ಕುರಿತ ಲೋಕರೂಢಿಯ ನಂಬಿಕೆಗೆ ಆಧಾರವಿಲ್ಲವೆಂದೂ, ರಾಬೆಯವರ ಪರಿವರ್ತನೆಯ ವಿವರ ಪ್ರಕಟವಾಗಿಲ್ಲವಾಗಿ ಅದನ್ನು ಸಿದ್ಧವೆಂದು ಹಿಡಿಯಲಾಗದೆಂದೂ ಅಲ್ಲಿ ವಾದಿಸಲಾಗಿದೆ.

ಸ್ಟಾರ್ಕರ ಪ್ರಶ್ನೆ ನ್ಯಾಯವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಐವತ್ತು ವರ್ಷಗಳಿಗೂ ಮಿಕ್ಕಿ ವಿದ್ವಾಂಸರು ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿ ಬರೆಯುತ್ತ ಬಂದಿರುವಾಗ, ಮೂಲಕ್ಕೆ ಹೋಗಿ ನೋಡಿದಿರಾ ಎಂದು ಕೇಳಿದವರು ಉಪಕಾರವನ್ನೇ ಮಾಡಿದರು. ಆದರೆ ‘ವಿವರ ಕೊಟ್ಟಿಲ್ಲ’ ಎಂಬುದರಿಂದ ‘ಸಿದ್ಧವಾಗಿಲ್ಲ’ ಎಂಬಲ್ಲಿಗೆ ನೆಗೆಯುವುದು ಮೌನವನ್ನೇ ಪ್ರಮಾಣವಾಗಿ ಹಿಡಿದ ವಾದ. ಇಂಥ ವಾದದ ಅಪಾಯ ನಮ್ಮ ನಾಡಿನ ಇತಿಹಾಸವನ್ನು ಓದಿದವರಿಗೆ ಗೊತ್ತು. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರೂ, ಅವನ್ನು ಸಮರ್ಥಿಸಿ ರೈಸರೂ ನಡೆಸಿದ ದೀರ್ಘ ವಾದದಲ್ಲಿ ಒಂದೊಂದು ಶಾಸನವನ್ನೂ ಬೇರೆಬೇರೆಯಾಗಿ, ಅದರ ಲಿಪಿ, ಭಾಷೆ, ಕಾಲಗಣನೆಗಳಿಂದ ಪರೀಕ್ಷಿಸಬೇಕಾಯಿತು. ಸಂಶಯ ಪರೀಕ್ಷೆಗೆ ಕಾರಣವಾಗಬಹುದೇ ಹೊರತು ತಾನೇ ತೀರ್ಪಾಗಲಾರದು. ರಾಬೆಯವರು ಇದೇ ಬಗೆಯ ಪರಿವರ್ತನೆಯನ್ನು ಸಿಂಕೋನಿನ್ ಎಂಬ ಸೋದರದ್ರವ್ಯದ ಮೇಲೆ ೧೯೧೧ರಲ್ಲಿಯೇ ನಡೆಸಿ ತಿಳಿಸಿದ್ದರು; ೧೯೩೧ರಲ್ಲಿ ಡೈಹೈಡ್ರೊಕ್ವಿನೈನನ್ನು ಸಂಶ್ಲೇಷಿಸಿದರು. ೧೯೧೮ರ ಕಿರು ಪ್ರಕಟಣೆಯನ್ನು ಈ ಸಾಲಿನಿಂದ ಕಿತ್ತು ಒಂಟಿಯಾಗಿ ನಿಲ್ಲಿಸಿ ನೋಡುವುದು ಸಲ್ಲದು.

ಸ್ಟಾರ್ಕರ ಆಕ್ಷೇಪಣೆಗೆ ಉತ್ತರವಾಗಿ ಬಂದುದು ೨೦೦೭ರಲ್ಲಿ ಜರ್ಮನಿಯ ಆಂಗೆವಾಂಟೆ ಕೆಮಿ ಪತ್ರಿಕೆಯಲ್ಲಿ ಅಚ್ಚಾದ ಜೆಫ್ರಿ ಸೀಮನ್ನರ ದೀರ್ಘ ಪ್ರಬಂಧ. ರಸಾಯನಶಾಸ್ತ್ರದ ಪತ್ರಿಕೆಯೊಂದು ಅಷ್ಟು ವಿಸ್ತಾರವಾದ ಚಾರಿತ್ರಿಕ ಪ್ರಬಂಧಕ್ಕೆ ಎಡೆಗೊಟ್ಟುದೇ ಗಮನಾರ್ಹ. ರಾಬೆಯವರ ಲೇಖನಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಡೋರಿಂಗ್ ಮತ್ತು ಸ್ಟಾರ್ಕ್ ಇಬ್ಬರನ್ನೂ ವಿಚಾರಿಸಿ, ಸೀಮನ್ನರು ಮುಟ್ಟಿದ ತೀರ್ಮಾನ ಇದು: ರಾಬೆ ಮತ್ತು ಕಿಂಡ್ಲರರ ಪರಿವರ್ತನೆ ನಿಜ, ಆದುದರಿಂದ ಈ ನಾಲ್ವರ ಹೆಸರಿನಲ್ಲಿ ಕರೆಯಬೇಕಾದ ಪೂರ್ಣ ಸಂಶ್ಲೇಷಣೆಯೂ ಸಿಂಧು. ಚದುರಿದ ಸಾಕ್ಷ್ಯವನ್ನು ಒಂದೆಡೆ ಕೂಡಿಸಿದ ಅವರ ಶ್ರಮ ಮೆಚ್ಚತಕ್ಕದ್ದು. ನಾಲ್ಕು ಹೆಸರುಗಳನ್ನು ಒಟ್ಟಿಗೆ ಇಟ್ಟುದು ಅದಕ್ಕಿಂತ ಹೆಚ್ಚು ಮೆಚ್ಚತಕ್ಕದ್ದು. ಮರೆತ ಇಬ್ಬರಿಗೆ ಅದರಿಂದ ನ್ಯಾಯ ಸಂದಿತು.

ಹೀಗಿದ್ದರೂ ಸೀಮನ್ನರ ವಿಧಾನದಲ್ಲಿ ನಮಗೆ ಒಂದು ಕೊರತೆ ಕಾಣುತ್ತದೆ. ಅವರು ಒದಗಿಸಿದ ಪ್ರಮಾಣಗಳಲ್ಲಿ ಬಹುಭಾಗ ಸಾಕ್ಷಿಯ ನಡತೆಗೆ ಸಂಬಂಧಿಸಿದವು. ರಾಬೆಯವರು ನುರಿತ ಪ್ರಯೋಗಕಾರರು, ಅವರ ಇತರ ಫಲಿತಾಂಶಗಳು ನಿಂತಿವೆ, ಆದುದರಿಂದ ಇದೂ ನಿಲ್ಲಬೇಕು ಎಂಬುದು ಆ ವಾದದ ಜಾಡು. ಇತಿಹಾಸಕಾರರು ಇಂಥ ಪ್ರಮಾಣವನ್ನು ಬಳಸುವುದು ಬೇರೆ ದಾರಿಯಿಲ್ಲದಾಗ. ಸತ್ತ ಸಾಕ್ಷಿಯನ್ನು ಮತ್ತೆ ಕರೆದು ವಿಚಾರಿಸಲು ನಮಗೆ ಸಾಧ್ಯವಿಲ್ಲ. ತಾಳೀಕೋಟೆಯ ಯುದ್ಧವನ್ನು ಇನ್ನೊಮ್ಮೆ ಹೂಡಿ ನೋಡುವುದಕ್ಕಾಗದು. ರಸಾಯನಶಾಸ್ತ್ರಕ್ಕೆ ಆ ಅನುಕೂಲ ಉಂಟು. ಕ್ವಿನೊಟಾಕ್ಸಿನ್ ಇಂದೂ ದೊರೆಯುತ್ತದೆ, ಅಲ್ಯೂಮಿನಿಯಂ ಪುಡಿಯೂ ದೊರೆಯುತ್ತದೆ. ಹಾಗಿರುವಾಗ ಪ್ರಯೋಗ ನಡೆಯುವುದಕ್ಕೆ ಮೊದಲೇ ಅಂತಿಮ ತೀರ್ಪಿನ ಧ್ವನಿಯಲ್ಲಿ ಬರೆದುದು ಆತುರವೆನಿಸುತ್ತದೆ. ತೀರ್ಪು ಸರಿಯಾಗಿಯೇ ಇದ್ದಿತೆಂಬುದು ಮುಂದಿನ ವರ್ಷ ತಿಳಿಯಿತಾದರೂ, ಬರೆದ ದಿನ ಅದರ ಬಲ ಎಷ್ಟೆಂಬುದನ್ನು ಆ ದಿನದ ಸಾಕ್ಷ್ಯದಿಂದಲೇ ಅಳೆಯಬೇಕು.

ಆ ಪ್ರಯೋಗವನ್ನು ನಡೆಸಿದವರು ಕೊಲರಾಡೊ ರಾಜ್ಯ ವಿಶ್ವವಿದ್ಯಾನಿಲಯದ ಆರನ್ ಸ್ಮಿತ್ ಮತ್ತು ರಾಬರ್ಟ್ ವಿಲಿಯಮ್ಸ್. ಅವರ ಲೇಖನ ೨೦೦೮ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಂದಿನವರ ಕಾಲದಲ್ಲಿ ದೊರೆಯುತ್ತಿದ್ದ ದ್ರವ್ಯಗಳನ್ನೂ ವಿಧಾನಗಳನ್ನೂ ಹಿಡಿದುಕೊಂಡೇ ಅವರು ರಾಬೆಯವರ ಮೂರು ಹೆಜ್ಜೆಗಳನ್ನು ನಡೆದು ನೋಡಿದರು. ಮೊದಲೆರಡು ಹೆಜ್ಜೆ ಹೇಳಿದಂತೆಯೇ ಸಾಗಿದವು. ತೊಡಕು ಬಂದುದು ಅಲ್ಯೂಮಿನಿಯಮ್ಮಿನಲ್ಲಿ. ಹೊಸದಾಗಿ ತೆರೆದ ಶುದ್ಧ ಪುಡಿ ತಕ್ಕ ಫಲವನ್ನು ಕೊಡಲಿಲ್ಲ. ಗಾಳಿಗೆ ಒಡ್ಡಿದ, ಮೇಲ್ಮೈಯಲ್ಲಿ ಆಮ್ಲಜನಕ ಹಿಡಿದ ಪುಡಿಯನ್ನು ಬಳಸಿದಾಗ ಕ್ವಿನೈನ್ ದೊರೆಯಿತು. ರಾಬೆಯವರ ಕಪಾಟಿನಲ್ಲಿದ್ದ ಅಲ್ಯೂಮಿನಿಯಂ ಬಹುಶಃ ಹಳೆಯ ಪುಡಿ. ಹಳೆಯದೆಂಬುದು ಬರೆಯತಕ್ಕ ಸಂಗತಿಯೆಂದು ಅವರಿಗೆ ಹೊಳೆದಿರಲಾರದು. ನಾವು ಬಖೈರುಗಳಲ್ಲಿಯೂ ಕಡತಗಳಲ್ಲಿಯೂ ಮತ್ತೆ ಮತ್ತೆ ಕಾಣುವುದು ಇದನ್ನೇ. ಬರೆದವನ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದುದು, ಅಥವಾ ಯಾರ ಗಮನಕ್ಕೂ ಬಾರದಿದ್ದುದು, ದಾಖಲೆಯಲ್ಲಿ ಸೇರುವುದಿಲ್ಲ. ೨೦೦೮ರ ಈ ಕಿರು ಲೇಖನ ನಮ್ಮ ಅಭಿಪ್ರಾಯದಲ್ಲಿ ನಾಲ್ಕರಲ್ಲಿ ಅತ್ಯುತ್ತಮವಾದುದು. ಸಂಶಯವನ್ನು ಅದು ಖಂಡಿಸಿತು. ಜೊತೆಗೆ ಸಂಶಯ ಹುಟ್ಟಲು ಕಾರಣವೇನೆಂಬುದನ್ನೂ ಬೆಳಕಿಗೆ ತಂದಿತು.

ಆದರೂ ಆ ಪ್ರಯೋಗ ಎಷ್ಟನ್ನು ಸಾಧಿಸಿತು, ಎಷ್ಟನ್ನು ಸಾಧಿಸಲಿಲ್ಲ ಎಂಬುದನ್ನು ಬೇರ್ಪಡಿಸಿ ನೋಡಬೇಕು. ರಾಬೆಯವರು ಮಾಡಿದೆವೆಂದುದು ಅವರ ಕಾಲದ ಸಾಧನಗಳಿಂದ ಮಾಡಬಹುದಾದುದೆಂದು ಅದು ತೋರಿಸಿತು. ಅವರ ಹೇಳಿಕೆಯನ್ನು ಇನ್ನು ಅಲ್ಲಗಳೆಯಲು ಕಾರಣ ಉಳಿಯಲಿಲ್ಲ. ೧೯೪೪ರಲ್ಲಿ ಹಾರ್ವರ್ಡಿನ ಗಾಜಿನ ಪಾತ್ರೆಯಲ್ಲಿ ಕ್ವಿನೈನ್ ಇತ್ತೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬದಲಾಗಲಿಲ್ಲ. ಅಲ್ಲಿದ್ದುದು ಕ್ವಿನೊಟಾಕ್ಸಿನ್. ಹಾಗಾದರೆ ‘ಪೂರ್ಣ ಸಂಶ್ಲೇಷಣೆ’ ಎಂಬ ಹೆಸರು ಸಲ್ಲುತ್ತದೆಯೇ? ಇಲ್ಲಿ ರಸಾಯನಶಾಸ್ತ್ರಜ್ಞರ ಸಂಪ್ರದಾಯವನ್ನು ಅವರ ಶಾಸ್ತ್ರದ ಸ್ವಭಾವದಿಂದಲೇ ಅರ್ಥಮಾಡಿಕೊಳ್ಳಬೇಕು. ಒಬ್ಬರು ಮಧ್ಯದ ನಿಲ್ದಾಣದವರೆಗೆ ದಾರಿ ಮಾಡಿದರೆ, ಅಲ್ಲಿಂದ ಮುಂದಕ್ಕೆ ಬೇರೊಬ್ಬರು ಹಿಂದೆಯೇ ದಾರಿ ಮಾಡಿದ್ದರೆ, ಎರಡನ್ನೂ ಕೂಡಿಸಿ ದಾರಿ ಪೂರ್ಣವಾಯಿತೆನ್ನುವುದು ಅವರಲ್ಲಿ ಅಂಗೀಕೃತವಾದ ಪದ್ಧತಿ. ತೊಗಟೆಯಿಂದ ಬಂದ ಕ್ವಿನೊಟಾಕ್ಸಿನಿಗೂ ಸಂಶ್ಲೇಷಣೆಯಿಂದ ಬಂದುದಕ್ಕೂ ಯಾವ ಭೇದವೂ ಇಲ್ಲವೆಂಬ ತತ್ತ್ವ ಅದಕ್ಕೆ ಆಧಾರ. ಅಣುವಿಗೆ ಪೂರ್ವಚರಿತ್ರೆಯಿಲ್ಲ. ನಮ್ಮ ದಾಖಲೆಗಳಿಗೆ ಆ ಭಾಗ್ಯವಿಲ್ಲದುದರಿಂದ ಇತಿಹಾಸಕಾರರು ಈ ಪದ್ಧತಿಯನ್ನು ಸಂಶಯದಿಂದ ನೋಡುವುದು ಸಹಜ; ಆದರೂ ಅದನ್ನು ಮೋಸವೆನ್ನುವುದು ತಪ್ಪು.

ನಮ್ಮ ಆಕ್ಷೇಪಣೆ ಪದ್ಧತಿಯ ಮೇಲಲ್ಲ, ಶೀರ್ಷಿಕೆಯ ಮೇಲೆ. ಕೊನೆಯ ಮೂರು ಹೆಜ್ಜೆಗಳನ್ನು ಇನ್ನೊಬ್ಬರಿಂದ ಪಡೆದವರು ಆ ಋಣವನ್ನು ಲೇಖನದ ಒಳಗೆ ಸಲ್ಲಿಸಿದರೆ ಸಾಲದು. ಲೋಕ ಓದುವುದು ಮೊದಲ ಸಾಲನ್ನು. ಯುದ್ಧದ ಕಾಲ, ಸುದ್ದಿಗೆ ಹಸಿದ ಪತ್ರಿಕೆಗಳು, ಹಣ ಕೊಟ್ಟ ಸಂಸ್ಥೆ ಇವೆಲ್ಲ ಸೇರಿ ಆ ಮೊದಲ ಸಾಲನ್ನು ದೊಡ್ಡದು ಮಾಡಿದವೆಂದು ಕಾಣುತ್ತದೆ. ಮುಂದೆ ವುಡ್‌ವರ್ಡರು ನಡೆಸಿದ ಮಹತ್ಕಾರ್ಯಗಳು, ೧೯೬೫ರಲ್ಲಿ ಅವರಿಗೆ ಸಂದ ನೊಬೆಲ್ ಪಾರಿತೋಷಕ, ಇವುಗಳ ಪ್ರಭೆ ಹಿಂದಕ್ಕೂ ಬಿದ್ದು, ಇಪ್ಪತ್ತೇಳರ ತರುಣನ ಮೊದಲ ದೊಡ್ಡ ಲೇಖನ ಪ್ರಶ್ನಾತೀತವೆನಿಸಿತು.

ಕ್ವಿನೈನಿನ ಮೇಲಣ ಕೆಲಸ ೨೦೦೧ಕ್ಕೆ ಮುಗಿಯಲಿಲ್ಲ. ವಿಯೆನ್ನಾದ ನೂನೊ ಮೌಲಿಡೆ ಮತ್ತು ಸಂಗಡಿಗರು ೨೦೧೮ರಲ್ಲಿ, ಇಂಗಾಲ ಮತ್ತು ಜಲಜನಕಗಳ ನಡುವಣ ಜಡಬಂಧವನ್ನೇ ಚುರುಕುಗೊಳಿಸುವ ಹೊಸ ಕ್ರಮದಿಂದ ಅದನ್ನು ಕಟ್ಟಿದರು. ಕ್ವಿನೈನೂ ಅದರ ಸೋದರದ್ರವ್ಯಗಳೂ ತಾವೇ ಪ್ರೇರಕಗಳಾಗಿ, ಬೇರೆ ಅಣುಗಳನ್ನು ಎಡ ಅಥವಾ ಬಲರೂಪದಲ್ಲಿಯೇ ಕಟ್ಟುವುದಕ್ಕೆ ನೆರವಾಗುತ್ತಿವೆ. ೨೦೦೧ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರಲ್ಲೊಬ್ಬರಾದ ಶಾರ್ಪ್‌ಲೆಸ್ಸರ ಒಂದು ಮುಖ್ಯ ವಿಧಾನದಲ್ಲಿ ಈ ವರ್ಗದ ದ್ರವ್ಯಗಳೇ ಬಳಕೆಯಾಗಿವೆ. ಇಷ್ಟೆಲ್ಲ ಆದರೂ ಔಷಧಕ್ಕೂ ಪಾನೀಯಕ್ಕೂ ಬೇಕಾದ ಕ್ವಿನೈನ್ ಇಂದಿಗೂ ಸಿಂಕೋನಾ ತೊಗಟೆಯಿಂದಲೇ ಬರುತ್ತಿದೆ. ಯಾವ ಸಂಶ್ಲೇಷಣೆಯೂ ಬೆಲೆಯಲ್ಲಿ ಮರಕ್ಕೆ ಸಮನಾಗಿಲ್ಲ.

ವಿಜ್ಞಾನದ ಚರಿತ್ರೆಯನ್ನು ಪಾಠಹೇಳುವಾಗ ಕಾಲಾನುಕ್ರಮ ಪಟ್ಟಿಗಳನ್ನು ಬಳಸುವ ಅಧ್ಯಾಪಕರಿಗಾಗಿ, ಈ ಪರಿಶೀಲನೆಯಿಂದ ಸಿದ್ಧವಾಗುವ ಸಾಲುಗಳನ್ನು ಇಲ್ಲಿ ಕೊಡಬಹುದು. ೧೯೧೮: ಕ್ವಿನೊಟಾಕ್ಸಿನಿನಿಂದ ಕ್ವಿನೈನ್, ರಾಬೆ ಮತ್ತು ಕಿಂಡ್ಲರ್ ಅವರಿಂದ, ೨೦೦೮ರಲ್ಲಿ ಸ್ಮಿತ್ ಮತ್ತು ವಿಲಿಯಮ್ಸರಿಂದ ದೃಢೀಕೃತ. ೧೯೪೪: ಕ್ವಿನೊಟಾಕ್ಸಿನಿನ ಪೂರ್ಣ ಸಂಶ್ಲೇಷಣೆ, ವುಡ್‌ವರ್ಡ್ ಮತ್ತು ಡೋರಿಂಗ್ ಅವರಿಂದ, ೧೯೧೮ರ ಕಾರ್ಯದೊಡನೆ ಕೂಡಿಸಿದಾಗ ಕ್ವಿನೈನಿನದು. ೧೯೭೦: ಉಸ್ಕೊಕೊವಿಚ್ ಮತ್ತು ಸಂಗಡಿಗರ ಸಂಶ್ಲೇಷಣೆ. ೨೦೦೧: ನಾಲ್ಕು ಕೇಂದ್ರಗಳನ್ನೂ ಹತೋಟಿಯಲ್ಲಿಟ್ಟ ಸಂಶ್ಲೇಷಣೆ, ಸ್ಟಾರ್ಕ್ ಮತ್ತು ಸಂಗಡಿಗರಿಂದ. ಪಟ್ಟಿಯಲ್ಲಿ ಸ್ಥಳವಿದ್ದರೆ ೧೮೬೫ರ ಎದುರಿಗೆ ಮಮಾನಿಯ ಹೆಸರನ್ನೂ ಬರೆಯಬಹುದು.